ಪೆಟ್ರೋಲಿನ ಎರಡಾಣೆ ಮತ್ತು ಬ್ಯಾರಿಸ್ಟರ್ ಜಯಕರ್

ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ನರೇಂದ್ರದ ತನಕ ಇರುವ ಬೈಪಾಸಿನ ಬಗ್ಗೆ ನಮ್ಮ ಅವಳಿನಗರದ ಮಂದಿಗೆ ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ಸುಮಾರು 30 ಕಿಲೋಮೀಟರಿನ ದಾರಿ. ಸರಕಾರದ ಕೈಯಲ್ಲಿ ರೊಕ್ಕ ಇಲ್ಲ ಅಂತ ಖಾಸಗಿಯವರಿಂದ ಹಾಕಿಸಿ, ಟೋಲ್ ಎತ್ತಿ ತೀರಿಸಿಕೊಳ್ಳುವ ಕರಾರಿನ ಮೇಲೆ ಆದ ರಸ್ತೆ. ಆ ಕಡೆ ಬೆಳಗಾವಿಯತ್ತ, ಈ ಕಡೆ ಹಾವೇರಿಯತ್ತ ಪುಣೆ-ಬೆಂಗಳೂರು ಹೆದ್ದಾರಿ ಅಗಲಾಗಿ ವರ್ಷಗಟ್ಟಲೆ ಆದರೂ ನಡುವಿನ ಈ ತುಂಡು ಮಾತ್ರ ಎರಡೇ ಲೇನಿನದ್ದಾಗಿ ಉಳಿಯಿತು. ಅಗಲ ರಸ್ತೆಯ ವೇಗದಲ್ಲಿ ಬಂದ ಗಾಡಿ ಇಲ್ಲಿ ಎದುರು ಗಾಡಿಯ ಮುಖಕ್ಕೇ ಮುಖ ಕೊಡಬೇಕಾಗಿತ್ತು. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ ಆದದ್ದನ್ನು ಯಾರೂ ಮರೆತಿಲ್ಲ. ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ಗಾಡಿ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವ ಹೋದವು. ಷಟ್ಪಥದ ಕೂಗು ಜೋರಾದದ್ದು, ಸರಕಾರ ಕೆಲಸಕ್ಕೆ ಕೈ ಹಚ್ಚಿದ್ದು ಆಮೇಲೆ.

ಅಷ್ಟು ದಿನ ಯಾಕೆ ಆಗಲಿಲ್ಲ ಅಂತ ಕೇಳಿದರೆ ಉತ್ತರ ಒಂದೇ: ರೊಕ್ಕ ಯಾರು ಕೊಡಬೇಕು ಅನ್ನೋದು ಬಗೆಹರಿಯಲಿಲ್ಲ. ಈ ಪ್ರಶ್ನೆ ಇವತ್ತಿನದಲ್ಲ, ಹೆಚ್ಚು ಕಡಿಮೆ ನೂರು ವರ್ಷದ್ದು. ಇದಕ್ಕೆ ಮೊದಲು ಒಂದು ನೆಟ್ಟಗಿನ ಉತ್ತರ ಹುಡುಕಿಕೊಟ್ಟವರು ಎಂಜಿನಿಯರೂ ಅಲ್ಲ, ಗುತ್ತಿಗೆದಾರರೂ ಅಲ್ಲ. ಅವರೊಬ್ಬ ವಕೀಲರು, ಮುಂಬಯಿಯ ಬ್ಯಾರಿಸ್ಟರ್ ಮುಕುಂದ ರಾಮರಾವ್ ಜಯಕರ್. ಗಾಂಧಿ-ಇರ್ವಿನ್ ಒಪ್ಪಂದ ಓದಿದವರಿಗೆ ಸಪ್ರು-ಜಯಕರ್ ಅನ್ನೋ ಜೋಡಿ ಹೆಸರು ಗೊತ್ತು. ದಿನಾ ಪೆಟ್ರೋಲ್ ಹಾಕಿಸುವವರಿಗೂ ಅವರಿಗೂ ಏನು ಸಂಬಂಧ ಅನ್ನೋದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ.

ಮುಂಬಯಿಯ ವಕೀಲ

ಜಯಕರ್ ಹುಟ್ಟಿದ್ದು 1873ರಲ್ಲಿ, ಮುಂಬಯಿಯ ಹಳೇ ವಾಸಿಗಳಾದ ಪಾಠಾರೆ ಪ್ರಭು ಸಮಾಜದ ಮನೆತನದಲ್ಲಿ. ಮುಂಬಯಿಯಲ್ಲೇ ಓದು. ಮುಂದೆ ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿಗೆ ನಿಂತರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿ ಪ್ರಾಂತದ ಜಿಲ್ಲೆಗಳು. ನಮ್ಮ ಕಡೆಯ ದೊಡ್ಡ ಅಪೀಲುಗಳು ಹೋಗಿ ಮುಟ್ಟುತ್ತಿದ್ದದ್ದು ಅದೇ ಹೈಕೋರ್ಟಿಗೆ.

ವಕೀಲಿಯಲ್ಲಿ ಕೈತುಂಬ ಗಳಿಕೆ ಇದ್ದರೂ ಸಾರ್ವಜನಿಕ ಕೆಲಸ ಬಿಟ್ಟವರಲ್ಲ. 1919ರಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ಆದಾಗ ಕಾಂಗ್ರೆಸ್ಸು ತನ್ನದೇ ಒಂದು ವಿಚಾರಣಾ ಸಮಿತಿ ನೇಮಿಸಿತು. ಅದರಲ್ಲಿ ಗಾಂಧೀಜಿ, ಚಿತ್ತರಂಜನ ದಾಸ್, ಅಬ್ಬಾಸ್ ತ್ಯಾಬ್ಜಿ ಅವರ ಜೋಡಿ ಕೂತವರು ಜಯಕರ್. ಸಾಕ್ಷಿ ಕೇಳುವುದು, ತಾಳೆ ನೋಡುವುದು, ತೂಗಿ ಬರೆಯುವುದು ಅವರ ಹುಟ್ಟುಗುಣ. ಈ ಗುಣವೇ ಮುಂದೆ ರಸ್ತೆಯ ಕೆಲಸಕ್ಕೂ ಬಂತು.

ರಾಜಕೀಯದಲ್ಲಿ ಅವರು ಪೂರಾ ಈ ಕಡೆಯವರೂ ಅಲ್ಲ, ಪೂರಾ ಆ ಕಡೆಯವರೂ ಅಲ್ಲ. 1923ರಲ್ಲಿ ಸ್ವರಾಜ್ಯ ಪಕ್ಷದಿಂದ ಮುಂಬಯಿ ಶಾಸನಸಭೆಗೆ ಹೋಗಿ ಅಲ್ಲಿ ಪಕ್ಷದ ನಾಯಕರಾದರು. ಸಭೆಗೆ ಹೋಗಿ ಬರೇ ಅಡ್ಡಗಾಲು ಹಾಕುವುದು ಅವರಿಗೆ ಸರಿ ಕಾಣಲಿಲ್ಲ. ಪುಣೆಯ ನರಸಿಂಹ ಚಿಂತಾಮಣಿ ಕೇಳ್ಕರ್, ನಾಗಪುರದ ಡಾಕ್ಟರ್ ಮುಂಜೆ ಅವರ ಸಂಗಡ ಸೇರಿ ಪ್ರತಿಸಹಕಾರದ ಪಂಗಡ ಕಟ್ಟಿದರು. ಇದರ ಮೂಲ ಲೋಕಮಾನ್ಯ ತಿಲಕರ ವಿಚಾರ. ಸರಕಾರ ಜನರಿಗೆ ಉಪಯೋಗ ಆಗುವುದನ್ನು ಮಾಡಿದರೆ ಕೈ ಜೋಡಿಸುವುದು, ಉಳಿದದ್ದಕ್ಕೆ ಎದೆ ಸೆಟೆಸಿ ನಿಲ್ಲುವುದು. ಇದಕ್ಕಾಗಿ ಹಳೇ ಗೆಳೆಯರಿಂದ ಬೈಸಿಕೊಂಡರು. 1926ರಲ್ಲಿ ದಿಲ್ಲಿಯ ಕೇಂದ್ರ ಶಾಸನಸಭೆಗೆ ಮುಂಬಯಿಯಿಂದ ಆರಿಸಿ ಹೋದರು.

ಧೂಳು ಎಬ್ಬಿಸಿದ ಮೋಟಾರು

ಆಗಿನ ರಸ್ತೆಯ ಹಾಡು ಏನಿತ್ತು ಅನ್ನೋದು ತಿಳಿದರೆ ಜಯಕರ್ ಮಾಡಿದ್ದು ಏನು ಅನ್ನೋದು ತಿಳಿಯುತ್ತದೆ.

ಅಂದಿನ ದೊಡ್ಡ ರಸ್ತೆ ಅಂದರೆ ಖಡಿ ಹಾಸಿ, ಮೇಲೆ ಮಣ್ಣು ಚೆಲ್ಲಿ, ನೀರು ಹೊಡೆದು ರೋಲರ್ ಎಳೆದ ರಸ್ತೆ. ಚಕ್ಕಡಿಗೆ, ಟಾಂಗಾಕ್ಕೆ ಅದು ತಡೆಯುತ್ತಿತ್ತು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಮೋಟಾರು, ಲಾರಿ, ಸರ್ವಿಸ್ ಬಸ್ಸು ಒಂದರ ಹಿಂದೆ ಒಂದು ಇಳಿದವು. ಗಾಳಿ ತುಂಬಿದ ರಬ್ಬರ್ ಟಯರು ಜೋರಾಗಿ ಓಡಿದಾಗ ಖಡಿಯ ಸಂದಿನ ಮಣ್ಣನ್ನು ಹೀರಿ ಮೇಲೆಬ್ಬಿಸುತ್ತದೆ. ಮಣ್ಣು ಹಾರಿ ಹೋದ ಮೇಲೆ ಖಡಿ ಸಡಿಲು. ಸಡಿಲಾದ ಖಡಿಯ ಮೇಲೆ ಚಕ್ಕಡಿಯ ಕಬ್ಬಿಣದ ಹಳಿ ಹಾದರೆ ಪುಡಿ. ಹಿಂಗೆ ಮೋಟಾರೂ ಚಕ್ಕಡಿಯೂ ಕೂಡಿ ಒಂದೇ ರಸ್ತೆಯನ್ನು ಎರಡು ಕಡೆಯಿಂದ ತಿಂದವು. ಬ್ಯಾಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ರಾಡಿ.

ದುರಸ್ತಿ ಯಾರದು? 1919ರ ಕಾಯಿದೆ ರಸ್ತೆಗಳನ್ನು ಪ್ರಾಂತ ಸರಕಾರಗಳ ಕೊರಳಿಗೆ ಕಟ್ಟಿತ್ತು. ಪ್ರಾಂತದವರು ಎಷ್ಟೋ ರಸ್ತೆಗಳನ್ನು ಜಿಲ್ಲಾ ಲೋಕಲ್ ಬೋರ್ಡುಗಳ ಕೊರಳಿಗೆ ದಾಟಿಸಿದ್ದರು. ಬೋರ್ಡಿನ ಬೊಕ್ಕಸದಲ್ಲಿ ಶಾಲೆಯ ಚಾವಣಿಗೂ ರೊಕ್ಕ ಸಾಲದು. ಇತ್ತ ಪರದೇಶದಿಂದ ಬರುವ ಮೋಟಾರಿನ ಸುಂಕ, ಟಯರಿನ ಸುಂಕ, ಪೆಟ್ರೋಲಿನ ಸುಂಕ ಎಲ್ಲ ಹೋಗಿ ಬೀಳುತ್ತಿದ್ದದ್ದು ದಿಲ್ಲಿಯ ಖಜಾನೆಗೆ. ರಸ್ತೆ ಕೆಡಿಸುವ ಗಾಡಿಯ ಗಳಿಕೆ ಒಬ್ಬರಿಗೆ, ಕೆಟ್ಟ ರಸ್ತೆಯ ಖರ್ಚು ಇನ್ನೊಬ್ಬರಿಗೆ.

ಪುಣೆ-ಬೆಂಗಳೂರು ರಸ್ತೆಯನ್ನೇ ತಗೊಳ್ಳಿ. ಸಾತಾರ ಮುಂಬಯಿ ಪ್ರಾಂತ, ಮುಂದೆ ಕೊಲ್ಹಾಪುರ ಸಂಸ್ಥಾನ, ಅಲ್ಲಿಂದ ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ ಮತ್ತೆ ಮುಂಬಯಿ ಪ್ರಾಂತ. ರಾಣೇಬೆನ್ನೂರು ಬಿಟ್ಟು ತುಂಗಭದ್ರೆ ದಾಟಿದರೆ ಹರಿಹರದಿಂದ ಮೈಸೂರು ಸಂಸ್ಥಾನ. ರಸ್ತೆ ಒಂದು, ಯಜಮಾನರು ಹಲವರು. ಇಡೀ ರಸ್ತೆ ನನ್ನದು ಅನ್ನುವವರು ಯಾರೂ ಇಲ್ಲ. ಹುಬ್ಬಳ್ಳಿ ಪ್ಯಾಟಿಯ ಹತ್ತಿ ಅರಳೆ ದೂರ ಹೋಗಬೇಕಾದರೆ ರೈಲೇ ಗತಿ. ರೈಲು ನಿಲ್ಲದ ಊರಿನ ರೈತನ ಮಾಲು ಚಕ್ಕಡಿ ಎಳೆದಷ್ಟೇ ದೂರ.

ಎರಡಾಣೆಯ ಲೆಕ್ಕ

1927ರಲ್ಲಿ ದಿಲ್ಲಿಯ ಮೇಲ್ಮನೆಯಲ್ಲಿ ರಸ್ತೆಗಳ ಸ್ಥಿತಿಯ ಬಗ್ಗೆ ಠರಾವು ಆಗಿ, ಅದೇ ವರ್ಷದ ನವೆಂಬರದಲ್ಲಿ ಎರಡೂ ಮನೆಗಳ ಸದಸ್ಯರ ಸಮಿತಿ ನೇಮಕವಾಯಿತು. ಅಧ್ಯಕ್ಷರು ಜಯಕರ್. ಆಗಿನ ಹೊತ್ತು ನೋಡಬೇಕು. ಅದೇ ನವೆಂಬರದಲ್ಲಿ ಒಬ್ಬ ಹಿಂದಿಯೂ ಇಲ್ಲದ ಸೈಮನ್ ಆಯೋಗವನ್ನು ಸರಕಾರ ಸಾರಿತ್ತು, ದೇಶ ಕೆರಳಿತ್ತು. ಅಂಥಾದ್ದರಲ್ಲಿ ವಿರೋಧ ಪಕ್ಷದ ಒಬ್ಬ ಮುಂದಾಳು ಸರಕಾರದ ಸಮಿತಿಯ ಕುರ್ಚಿ ಹಿಡಿದರೆ ಮಂದಿ ಸುಮ್ಮನಿರುತ್ತಾರೆಯೇ? ಜಯಕರರ ಲೆಕ್ಕ ಬೇರೆ. ಸರಕಾರ ಇವತ್ತು ಅವರದು, ನಾಳೆ ನಮ್ಮದು. ರಸ್ತೆ ಮಾತ್ರ ಇವತ್ತೂ ನಮ್ಮದೇ, ನಾಳೆಯೂ ನಮ್ಮದೇ.

ಸಮಿತಿ ಪ್ರಾಂತಗಳಿಗೆ ಪ್ರಶ್ನೆ ಕಳಿಸಿತು, ಸಾಕ್ಷಿ ಕೇಳಿತು, 1928ರಲ್ಲಿ ವರದಿ ಕೊಟ್ಟಿತು. ವರದಿಯ ತಿರುಳು ಇಷ್ಟು. ರಸ್ತೆ ಸುಧಾರಣೆ ಅನ್ನೋದು ಪ್ರಾಂತ ಸರಕಾರ, ಲೋಕಲ್ ಬೋರ್ಡುಗಳ ಕೈಗೆ ಮೀರಿದ್ದು. ದೊಡ್ಡ ರಸ್ತೆ ಇಡೀ ದೇಶದ ಹಿತದ್ದು, ಹಂಗಾಗಿ ಕೇಂದ್ರ ಹೆಗಲು ಕೊಡಬೇಕು. ರಸ್ತೆ ಸುಧಾರಿಸಿದರೆ ಲಾಭ ಮೋಟಾರಿನವನಿಗೆ, ಅವನೇ ಪೆಟ್ರೋಲಿನ ಮೇಲೆ ಜಾಸ್ತಿ ತೆರಿಗೆ ಕೊಡಲಿ. ಆ ತೆರಿಗೆ ಬೊಕ್ಕಸದಲ್ಲಿ ಕರಗಬಾರದು, ಬೇರೆ ಗಂಟು ಕಟ್ಟಿ ಇಡಬೇಕು, ರಸ್ತೆಗೇ ಹೋಗಬೇಕು. ರಸ್ತೆ ಹಾಕುವ ಎಂಜಿನಿಯರುಗಳು ಕೂಡಿ ವಿಚಾರ ಮಾಡಲಿಕ್ಕೆ ಒಂದು ಸಂಸ್ಥೆ ಬೇಕು, ಪ್ರಯೋಗಕ್ಕೆ ಒಂದು ಸಂಶೋಧನಾಲಯ ಬೇಕು.

ಸರಕಾರಿ ವರದಿಗಳು ಕಪಾಟು ಸೇರುವುದೇ ರೂಢಿ. ಇದು ಹಂಗಾಗಲಿಲ್ಲ. ಪೆಟ್ರೋಲಿನ ಸುಂಕ ಗ್ಯಾಲನ್ನಿಗೆ ನಾಲ್ಕಾಣೆ ಇದ್ದದ್ದು ಆರಾಣೆ ಆಯಿತು. ಹೆಚ್ಚಿಸಿದ ಎರಡಾಣೆ ಪೂರಾ ರಸ್ತೆಗೆ ಅಂತ ಮೀಸಲು. 1929ರ ಮಾರ್ಚಿನಿಂದ ಕೇಂದ್ರೀಯ ರಸ್ತೆ ನಿಧಿ ಶುರುವಾಯಿತು. ಮೊದಲು ಐದು ವರ್ಷದ ಮಟ್ಟಿಗೆ ಅಂತ ಆದದ್ದು, ಆಮೇಲೂ ಮುಂದುವರಿಯಿತು. 1931ರಲ್ಲಿ ರಸ್ತೆಯ ಪಾಲು ಗ್ಯಾಲನ್ನಿಗೆ ಎರಡೂವರೆ ಆಣೆಗೆ ಏರಿತು. 1934ರಲ್ಲಿ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಸಂಶೋಧನಾಲಯ ಮಾತ್ರ ಸ್ವಾತಂತ್ರ್ಯದ ತನಕ ಕಾಯಬೇಕಾಯಿತು, 1952ರಲ್ಲಿ ದಿಲ್ಲಿಯಲ್ಲಿ ತೆರೆಯಿತು.

ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಇತ್ತು. ನಿಧಿ ಹಂಚುವಾಗ ಯಾವ ಪ್ರಾಂತ ಎಷ್ಟು ಪೆಟ್ರೋಲ್ ಸುಡುತ್ತದೋ ಅಷ್ಟು ಪಾಲು. ಕೊಟ್ಟವನಿಗೆ ತಿರುಗಿ ಕೊಡುವುದು ನ್ಯಾಯವೇ. ಆದರೆ ರಸ್ತೆ ಇಲ್ಲದ ಕಡೆ ಮೋಟಾರಿಲ್ಲ, ಮೋಟಾರಿಲ್ಲದ ಕಡೆ ಪೆಟ್ರೋಲಿಲ್ಲ, ಪೆಟ್ರೋಲಿಲ್ಲದ ಕಡೆ ರೊಕ್ಕ ಇಲ್ಲ. ಹಿಂದುಳಿದ ಕಡೆ ಹಿಂದೇ ಉಳಿಯುವ ಲೆಕ್ಕ ಇದು. ಜೊತೆಗೆ ರೈಲಿನವರ ತಕರಾರು. ಬಸ್ಸು ಬಂದು ತಮ್ಮ ಪ್ರಯಾಣಿಕರನ್ನು ಕಸಿಯುತ್ತಿದೆ ಅಂತ ದೂರು ಎದ್ದು, ಅದರ ವಿಚಾರಣೆಯೂ 1930ರ ದಶಕದಲ್ಲಿ ನಡೆಯಿತು.

ರೊಕ್ಕ ಕೂಡಿಸುವ ದಾರಿಯನ್ನು ಜಯಕರ್ ಸಮಿತಿ ತೋರಿಸಿತು. ಯಾವ ರಸ್ತೆ ಮೊದಲು, ಯಾವುದು ಆಮೇಲೆ ಅನ್ನೋ ಇಡೀ ದೇಶದ ನಕ್ಷೆ ಬಂದದ್ದು ಹದಿನೈದು ವರ್ಷದ ನಂತರ. 1943ರಲ್ಲಿ ನಾಗಪುರದಲ್ಲಿ ಮುಖ್ಯ ಎಂಜಿನಿಯರುಗಳು ಕೂಡಿ 20 ವರ್ಷದ ಯೋಜನೆ ಹಾಕಿದರು. ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಹಳ್ಳಿ ಅಂತ ರಸ್ತೆಗಳನ್ನು ವಿಂಗಡಿಸಿದ್ದು ಅಲ್ಲೇ. 1947ರ ಏಪ್ರಿಲ್ 1ರಿಂದ ರಾಷ್ಟ್ರೀಯ ಹೆದ್ದಾರಿಗಳ ಖರ್ಚು ಕೇಂದ್ರದ್ದಾಯಿತು. ದೊಡ್ಡ ರಸ್ತೆ ದೇಶದ್ದು ಅಂತ ಜಯಕರ್ ಸಮಿತಿ ಬರೆದ ಮಾತಿಗೆ ಆಗ ಪೂರಾ ಮೊಹರು ಬಿತ್ತು. ನಮ್ಮ ಪುಣೆ-ಬೆಂಗಳೂರು ರಸ್ತೆ ನಾಲ್ಕನೇ ನಂಬರಿನ ಹೆದ್ದಾರಿ ಆಯಿತು. 2010ರ ಹೊಸ ನಂಬರುಗಳಲ್ಲಿ ಅದು 48.

ಸಂಧಾನದ ಮನುಷ್ಯ

ರಸ್ತೆ ಸಮಿತಿ ಜಯಕರರ ಬಾಳಿನ ಒಂದು ಹಾಳೆ ಅಷ್ಟೇ. 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಗಾಂಧೀಜಿ ಯರವಡಾ ಜೈಲಿನಲ್ಲಿ, ನೆಹರೂ ತಂದೆ-ಮಗ ನೈನಿ ಜೈಲಿನಲ್ಲಿ. ವೈಸರಾಯ್ ಮತ್ತು ಕಾಂಗ್ರೆಸ್ಸಿನ ನಡುವೆ ಓಡಾಡಿ ಮಾತು ಬೆಸೆಯಲಿಕ್ಕೆ ನೋಡಿದವರು ತೇಜ್ ಬಹಾದೂರ್ ಸಪ್ರು ಮತ್ತು ಜಯಕರ್. ಆ ಸಲ ಮುರಿಯಿತು. 1931ರಲ್ಲಿ ಗಾಂಧಿ-ಇರ್ವಿನ್ ಒಪ್ಪಂದ ಆದಾಗ ಇವರಿಬ್ಬರ ಓಡಾಟ ಫಲ ಕೊಟ್ಟಿತು. ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೂ ಹೋಗಿ ಬಂದರು.

1937ರಲ್ಲಿ ಫೆಡರಲ್ ಕೋರ್ಟು ತೆರೆದಾಗ ಅದರ ಮೊದಲ ಮೂವರು ನ್ಯಾಯಾಧೀಶರಲ್ಲಿ ಒಬ್ಬರು. ಮುಂದೆ ಲಂಡನ್ನಿನ ಪ್ರೀವಿ ಕೌನ್ಸಿಲಿನ ನ್ಯಾಯ ಸಮಿತಿ. 1946ರಲ್ಲಿ ಸಂವಿಧಾನ ಸಭೆಗೆ ಬಂದರು. ನೆಹರೂ ಮಂಡಿಸಿದ ಧ್ಯೇಯಗಳ ಠರಾವನ್ನು ಮುಸ್ಲಿಂ ಲೀಗೂ ಸಂಸ್ಥಾನಗಳವರೂ ಬಂದು ಕೂಡುವ ತನಕ ತಡೆಯೋಣ ಅಂತ ತಿದ್ದುಪಡಿ ಸೂಚಿಸಿದರು. ಸಭೆಗೆ ಅದು ರುಚಿಸಲಿಲ್ಲ. 1947ರಲ್ಲಿ ಅವರು ಸಭೆ ಬಿಟ್ಟು ಹೊರಬಂದರು. ನಡುದಾರಿ ಹಿಡಿದವನಿಗೆ ಎರಡೂ ಕಡೆಯ ಗಾಡಿಯ ಧೂಳು.

ಕೊನೆಯ ದೊಡ್ಡ ಕೆಲಸ ವಿದ್ಯೆಯದು. 1948ರಲ್ಲಿ ಪುಣೆ ವಿಶ್ವವಿದ್ಯಾಲಯದ ಮೊದಲ ಕುಲಪತಿ ಆದರು. ಗಣೇಶಖಿಂಡಿಯ ಗವರ್ನರ್ ಬಂಗಲೆಯಲ್ಲಿ ಅದನ್ನು ಕಟ್ಟಿ ಬೆಳೆಸಿ 1956ರ ತನಕ ನಡೆಸಿದರು. ಅಲ್ಲಿನ ಗ್ರಂಥಾಲಯಕ್ಕೆ ಅವರದೇ ಹೆಸರು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ಕಾಲದಲ್ಲಿ, 1949ರಲ್ಲಿ. 1959ರ ಮಾರ್ಚ್ 10ರಂದು, 85ನೇ ವಯಸ್ಸಿನಲ್ಲಿ ಜಯಕರ್ ತೀರಿಕೊಂಡರು.

ಮೂರೂವರೆ ಪೈಸೆ

ಮನುಷ್ಯ ಹೋದ, ಅವನು ಕಟ್ಟಿಸಿದ ಗಂಟು ಉಳಿಯಿತು. ಆ ಗಂಟಿನ ಕತೆ ಕೇಳಿದರೆ ನಮ್ಮ ಬೈಪಾಸಿನ ಕತೆಯೂ ಅರ್ಥ ಆಗುತ್ತದೆ.

ಗ್ಯಾಲನ್ನಿಗೆ ಎರಡೂವರೆ ಆಣೆ ಅಂದರೆ ಲೀಟರಿಗೆ ಸುಮಾರು ಮೂರೂವರೆ ಪೈಸೆ. 1931ರಲ್ಲಿ ಅದು ಸಣ್ಣ ಮೊತ್ತವಲ್ಲ. ಆಮೇಲೆ ಆಣೆ ಹೋಗಿ ನಯೇ ಪೈಸೆ ಬಂತು, ಗ್ಯಾಲನ್ ಹೋಗಿ ಲೀಟರ್ ಬಂತು, ಪೆಟ್ರೋಲಿನ ದರ ಆಕಾಶಕ್ಕೆ ಏರಿತು. ರಸ್ತೆಯ ಪಾಲು ಮಾತ್ರ ಲೀಟರಿಗೆ ಮೂರೂವರೆ ಪೈಸೆ. ದಶಕಗಟ್ಟಲೆ ಅಲ್ಲೇ ನಿಂತಿತು. ಪೆಟ್ರೋಲಿನಿಂದ ಸರಕಾರಕ್ಕೆ ಬರುವ ತೆರಿಗೆ ಬೆಳೆಯುತ್ತ ಹೋಯಿತು, ಬೆಳೆದದ್ದೆಲ್ಲ ಬೊಕ್ಕಸಕ್ಕೆ. 1988ರಲ್ಲಿ ಸಂಸತ್ತು ಈ ಪಾಲು ಏರಿಸಬೇಕು ಅಂತ ಹೊಸ ಠರಾವು ಮಾಡಿತು. ಠರಾವು ಆಯಿತು, ರೊಕ್ಕ ಬರಲಿಲ್ಲ.

ಆ ಕಾಲದ ರಾಷ್ಟ್ರೀಯ ಹೆದ್ದಾರಿ ನೆನಪಿದ್ದವರಿಗೆ ಗೊತ್ತು. ಹೆಸರಿಗೆ ರಾಷ್ಟ್ರೀಯ, ಅಗಲ ಎರಡು ಲಾರಿಯದು. ಊರಿನ ಹೊರಗೊಂದು ಬೈಪಾಸ್ ಬೇಕು ಅಂದರೆ ಖಾಸಗಿಯವರನ್ನು ಕರೆದು ಟೋಲಿಗೆ ಒಪ್ಪಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವ ಹಂತ ಬಂದದ್ದು ಹಿಂಗೆ. ಟೋಲಿನ ಮೇಲೆ ಆದ ರಸ್ತೆಯ ಅಗಲ ಎಷ್ಟು ಅನ್ನೋದನ್ನು ಕರಾರು ತೀರ್ಮಾನಿಸುತ್ತದೆ. ಒಮ್ಮೆ ಕಾಗದದ ಮೇಲೆ ಎರಡು ಲೇನ್ ಅಂತ ಬಿದ್ದರೆ, ಸಂಚಾರ ಎಷ್ಟೇ ಏರಲಿ, ಕರಾರು ಬಿಚ್ಚಿ ಹೊಸದಾಗಿ ಮಾತಾಡದೆ ರಸ್ತೆ ಅಗಲಾಗದು. ಗಬ್ಬೂರು-ನರೇಂದ್ರ ರಸ್ತೆಯಲ್ಲಿ ಆದದ್ದು ಇದೇ.

1998ರ ಜೂನಿನಲ್ಲಿ ಪೆಟ್ರೋಲಿನ ಮೇಲೆ ಲೀಟರಿಗೆ ಒಂದು ರೂಪಾಯಿ, 1999ರಲ್ಲಿ ಡೀಸೆಲ್ ಮೇಲೂ ಒಂದು ರೂಪಾಯಿ ರಸ್ತೆ ಸೆಸ್ ಹಾಕಿದರು. 2000ದಲ್ಲಿ ಕೇಂದ್ರೀಯ ರಸ್ತೆ ನಿಧಿ ಕಾಯಿದೆ ಬಂತು. 1929ರಿಂದ ಬರೇ ಠರಾವಿನ ಮೇಲೆ ನಿಂತಿದ್ದ ಗಂಟಿಗೆ 71 ವರ್ಷದ ಮೇಲೆ ಕಾಯಿದೆಯ ಬಲ ಸಿಕ್ಕಿತು. ಮೂರೂವರೆ ಪೈಸೆ ಒಂದು ರೂಪಾಯಿ ಆದಾಗ ಏನಾಯಿತು ಅನ್ನೋದು ಕಣ್ಣ ಮುಂದಿದೆ. ಸುವರ್ಣ ಚತುಷ್ಪಥದ ಕೆಲಸ ಎದ್ದಿತು, ಬೆಳಗಾವಿ-ಧಾರವಾಡ, ಹುಬ್ಬಳ್ಳಿ-ಹಾವೇರಿ ಅಗಲಾದವು. ಡೀಸೆಲ್ ಸೆಸ್ಸಿನ ಅರ್ಧ ಭಾಗ ಹಳ್ಳಿ ರಸ್ತೆಗೆ ಅಂತ ಕಾಯಿದೆಯಲ್ಲೇ ಬರೆದರು. ಪೆಟ್ರೋಲ್ ಸುಟ್ಟವನಿಗಷ್ಟೇ ಪಾಲು ಅನ್ನುವ ಹಳೇ ಕೊರತೆಯನ್ನೂ ಅಷ್ಟರ ಮಟ್ಟಿಗೆ ತುಂಬಿದಂತಾಯಿತು.

ಆದರೆ ಗಂಟಿನ ಬಾಯಿ ಮತ್ತೆ ಸಡಿಲಾಗಿದೆ. 2018ರಲ್ಲಿ ಕಾಯಿದೆ ತಿದ್ದಿ ನಿಧಿಯ ಹೆಸರನ್ನು ಕೇಂದ್ರೀಯ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಅಂತ ಮಾಡಿದರು. ರಸ್ತೆಯ ಜೊತೆಗೆ ರೈಲು, ಬಂದರು, ನೀರು, ಇಂಧನ, ದೂರಸಂಪರ್ಕ, ಶಾಲೆ-ಆಸ್ಪತ್ರೆಯಂಥ ಸೌಕರ್ಯಗಳಿಗೂ ಅದರಿಂದ ಕೊಡಬಹುದು. ಎಲ್ಲವೂ ಬೇಕಾದವೇ, ಯಾವುದನ್ನೂ ಬ್ಯಾಡ ಅನ್ನಲಿಕ್ಕೆ ಬರುವುದಿಲ್ಲ. ಆದರೆ ಜಯಕರ್ ಸಮಿತಿ ಹೇಳಿದ ಮೂಲ ಮಾತು ಒಂದೇ: ರಸ್ತೆಗೆ ಅಂತ ಮಂದಿಯಿಂದ ತಗೊಂಡದ್ದು ರಸ್ತೆಗೇ ಹೋದರೆ ಮಂದಿ ತಕರಾರಿಲ್ಲದೆ ಕೊಡುತ್ತಾರೆ. ಎಲ್ಲಕ್ಕೂ ಒಂದೇ ಗಂಟು ಅಂದರೆ ಅದು ಗಂಟಲ್ಲ, ಬೊಕ್ಕಸವೇ.

ಇಟಿಗಟ್ಟಿಯಲ್ಲಿ ಹೋದ ಜೀವಗಳು ತಿರುಗಿ ಬರುವುದಿಲ್ಲ. ಅವರು ಹೊರಟ ಗಾಡಿಯೂ ಡೀಸೆಲ್ಲೋ ಪೆಟ್ರೋಲೋ ಹಾಕಿಸಿಕೊಂಡೇ ಹೊರಟಿತ್ತು, ಲೀಟರು ಲೀಟರಿಗೂ ರಸ್ತೆಯ ಪಾಲು ಕೊಟ್ಟೇ ಹೊರಟಿತ್ತು. ಆ ಪಾಲಿಗೆ ತಕ್ಕ ರಸ್ತೆ ಅವರಿಗೆ ಸಿಗಲಿಲ್ಲ.

ಜಯಕರರ ಪ್ರತಿಮೆ ಈ ಹೆದ್ದಾರಿಯ ಯಾವ ಕ್ರಾಸಿನಲ್ಲೂ ಬೇಕಿಲ್ಲ. ಅವರು ಹಾಕಿಕೊಟ್ಟ ಲೆಕ್ಕ ಉಳಿದರೆ ಸಾಕು. ಬಂಕಿನಲ್ಲಿ ಗಾಡಿ ನಿಲ್ಲಿಸಿದ ಪ್ರತಿಯೊಬ್ಬನಿಗೂ ತನ್ನ ಲೀಟರಿನ ರಸ್ತೆ ಪಾಲು ಯಾವ ರಸ್ತೆಗೆ ಹೋಯಿತು ಅಂತ ಕೇಳುವ ಹಕ್ಕು 1929ರಿಂದಲೇ ಇದೆ. ಓಟು ಕೇಳಲಿಕ್ಕೆ ಇದೇ ರಸ್ತೆಯ ಮೇಲೆ ಬರುವವರನ್ನು ನಿಲ್ಲಿಸಿ ಕೇಳಬೇಕಾದದ್ದೂ ಅದನ್ನೇ.